ಕಳೆ ಗುರುತಿಸುವ ಕಣ್ಣು

(ದೊಡ್ಡ ಕರುಳಿನ ಪಾಲಿಪ್‌ಗಳನ್ನು ನೋಟದಿಂದ ಅರಿಯುವುದನ್ನು ಕುರಿತ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರನ್ನು ನಾನು ಕಂಡವನಲ್ಲ. ಅವರ ಮಗ ನನ್ನನ್ನು ಆಹ್ವಾನಿಸಲು ಬಂದಿದ್ದಾಗ ಒಂದು ಮಾತು ಹೇಳಿದರು: “ಅಪ್ಪ ನಲವತ್ತು ಮಕ್ಕಳ ಕಾಪಿ ಪುಸ್ತಕದಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಹಿಡಿಯುತ್ತಿದ್ದರು ಸಾರ್. ತಮಗೇ ರಕ್ತ ಹೋಗುತ್ತಿದ್ದುದನ್ನು ಮಾತ್ರ ಮೂಲವ್ಯಾಧಿ ಅಂದುಕೊಂಡು ಒಂದೂವರೆ ವರ್ಷ ಸುಮ್ಮನಿದ್ದರು.” ಇವತ್ತಿನ ವಿಷಯವನ್ನು ನಾನು ಆಯ್ದುಕೊಂಡದ್ದು ಆ ಮಾತಿನಿಂದ. ತಪ್ಪನ್ನು ಸಣ್ಣದಿರುವಾಗಲೇ ಗುರುತು ಹಿಡಿಯುವ ಕಣ್ಣು ಹೇಗೆ ತಯಾರಾಗುತ್ತದೆ ಎಂಬುದೇ ಆ ವಿಷಯ.

ನನ್ನದು ತುಮಕೂರು ಕಡೆಯ ಊರು. ಹುಡುಗನಾಗಿದ್ದಾಗ ಅವ್ವನ ಜೊತೆ ರಾಗಿ ಹೊಲದಲ್ಲಿ ಕಳೆ ಕೀಳಲು ಕೂರುತ್ತಿದ್ದೆ. ರಾಗಿಯ ನಡುವೆ ಕಾಡುರಾಗಿ ಬೆಳೆಯುತ್ತದೆ. ಎಳೆಯದರಲ್ಲಿ ಎರಡೂ ಒಂದೇ ಥರ. ನಾನು ಪೈರನ್ನು ಕಿತ್ತು ಕಳೆಯನ್ನು ಉಳಿಸುತ್ತಿದ್ದೆ, ಅವ್ವ ಕೈ ಮೇಲೆ ಹೊಡೆಯುತ್ತಿದ್ದಳು. “ತೆನೆ ಬಂದ ಮೇಲೆ ಯಾರಿಗಾದ್ರೂ ಗೊತ್ತಾಯ್ತದೆ ಕಣ್ಲಾ, ಎಳೇದ್ರಲ್ಲಿ ಗೊತ್ತಾಗ್ಬೇಕು” ಎನ್ನುತ್ತಿದ್ದಳು. ಮುಂದೆ ಜಠರ ಮತ್ತು ಕರುಳಿನ ವೈದ್ಯನಾಗಿ ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೊಸ್ಕೋಪ್ ಕೈಯಲ್ಲಿ ಹಿಡಿದ ಮೇಲೆ, ನನ್ನ ವೃತ್ತಿಯ ಸಾರವನ್ನು ಅವಳು ಆಗಲೇ ಹೇಳಿ ಮುಗಿಸಿದ್ದಳು ಅನ್ನಿಸಿದೆ.

ಪಾಲಿಪ್ ಎಂದರೇನು

ಮೂಗಿನೊಳಗೆ ಮಾಂಸ ಬೆಳೆದರೆ ನಮ್ಮ ಜನ ಅದನ್ನು ದುರ್ಮಾಂಸ ಎನ್ನುತ್ತಾರೆ. ವೈದ್ಯರು ಅದನ್ನೂ ಪಾಲಿಪ್ ಎನ್ನುತ್ತಾರೆ, ಕರುಳಿನಲ್ಲಿ ಬೆಳೆದದ್ದನ್ನೂ ಪಾಲಿಪ್ ಎನ್ನುತ್ತಾರೆ. ಹೆಸರು ಒಂದಾದರೂ ಸ್ವಭಾವ ಬೇರೆ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಅದರ ಒಳಪದರದ ತುಂಬ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬಾವಿಗಳಿವೆ. ಬಾವಿಯ ತಳದಲ್ಲಿ ಹೊಸ ಜೀವಕೋಶ ಹುಟ್ಟುತ್ತದೆ, ಗೋಡೆ ಹಿಡಿದು ಮೇಲೇರುತ್ತದೆ, ನಾಲ್ಕೈದು ದಿನಕ್ಕೆ ಬಾಯಿಯ ಹತ್ತಿರ ಬಂದು ಉದುರಿಹೋಗುತ್ತದೆ. ಹುಟ್ಟಿದಷ್ಟು ಉದುರಬೇಕು, ಅದು ಅಲ್ಲಿಯ ಲೆಕ್ಕ. ಈ ಲೆಕ್ಕ ಇಡುವ ವಂಶವಾಹಿಗಳಲ್ಲಿ ಒಂದು ಕೆಟ್ಟರೆ ಜೀವಕೋಶಗಳು ಉದುರದೆ ಗುಂಪುಗೂಡುತ್ತವೆ. ಹೀಗೆ ಕೆಡುವುದರಲ್ಲಿ ಮುಖ್ಯವಾದ ಎಪಿಸಿ ಎಂಬ ವಂಶವಾಹಿಯನ್ನು ವಿಜ್ಞಾನಿಗಳು ಗುರುತಿಸಿದ್ದು 1991ರಲ್ಲಿ. ಆ ಗುಂಪು ದಿಬ್ಬವಾಗುತ್ತದೆ, ಆ ದಿಬ್ಬವೇ ಅಡಿನೋಮ. ಕ್ಯಾನ್ಸರ್ ಆಗಬಲ್ಲ ಪಾಲಿಪ್‌ಗಳಲ್ಲಿ ಹೆಚ್ಚಿನವು ಈ ಜಾತಿಯವು.

ಆಗಬಲ್ಲ ಎಂದೆ, ಆಗುತ್ತದೆ ಎನ್ನಲಿಲ್ಲ. ಹೆಚ್ಚಿನ ಅಡಿನೋಮಗಳು ಜೀವಮಾನವಿಡೀ ಕ್ಯಾನ್ಸರ್ ಆಗದೆ ಉಳಿಯುತ್ತವೆ. ಆಗುವವೂ ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ತೆಗೆದುಕೊಳ್ಳುತ್ತವೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಸಾವಿರಾರು ಪಾಲಿಪ್‌ಗಳನ್ನು ಪರೀಕ್ಷಿಸಿ ಮುಟೊ, ಬಸ್ಸಿ ಮತ್ತು ಮಾರ್ಸನ್ 1975ರಲ್ಲಿ ಈ ಹಾದಿಯನ್ನು ವಿವರಿಸಿದರು. ಪಾಲಿಪ್ ದೊಡ್ಡದಾದಷ್ಟೂ ಅಪಾಯ ಹೆಚ್ಚು, ಐದು ಮಿಲಿಮೀಟರ್ ಒಳಗಿನದರಲ್ಲಿ ಕ್ಯಾನ್ಸರ್ ಬಲು ಅಪರೂಪ.

ಹತ್ತು ವರ್ಷದ ಈ ಬಿಡುವೇ ನಮಗೆ ಸಿಕ್ಕಿರುವ ವರ. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಹೊಟ್ಟೆ ಕೊಯ್ಯದೆ, ಕೊಲೊನೊಸ್ಕೋಪಿನ ಮೂಲಕ ತಂತಿಯ ಕುಣಿಕೆ ಹಾಕಿ ಪಾಲಿಪ್ ತೆಗೆದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ 1,418 ಜನರ ಫಲಿತಾಂಶ ಪ್ರಕಟಿಸಿತು. ಅಡಿನೋಮ ತೆಗೆಸಿಕೊಂಡವರಲ್ಲಿ ಮುಂದೆ ಕರುಳಿನ ಕ್ಯಾನ್ಸರ್ ಬರುವುದು, ಹೋಲಿಕೆಗೆ ಇಟ್ಟುಕೊಂಡ ಗುಂಪುಗಳಿಗಿಂತ ಶೇ. 76ರಿಂದ 90ರಷ್ಟು ಕಡಿಮೆಯಾಗಿತ್ತು. ಕ್ಯಾನ್ಸರನ್ನು ಬೇಗ ಕಂಡುಹಿಡಿಯುವ ಪರೀಕ್ಷೆಗಳು ಹಲವು. ಅದು ಹುಟ್ಟದಂತೆಯೇ ತಡೆಯುವ ಪರೀಕ್ಷೆಗಳು ಕೆಲವೇ.

ಆಕಾರ

ಕೊಲೊನೊಸ್ಕೋಪಿ ಮಾಡುವವನ ಎದುರಿಗೆ ಪ್ರತಿ ಪಾಲಿಪ್ ಮೂರು ಪ್ರಶ್ನೆ ಇಡುತ್ತದೆ: ಬಿಡಬೇಕೇ, ತೆಗೆಯಬೇಕೇ, ಮುಟ್ಟದೆ ಸರ್ಜನ್‌ಗೆ ಒಪ್ಪಿಸಬೇಕೇ? ಉತ್ತರ ಮೊದಲು ಸಿಗುವುದು ಆಕಾರದಲ್ಲಿ.

2002ರ ಕೊನೆಯಲ್ಲಿ ಹಲವು ದೇಶಗಳ ತಜ್ಞರು ಪ್ಯಾರಿಸಿನಲ್ಲಿ ಸೇರಿ ಆಕಾರಗಳಿಗೆ ಹೆಸರಿಟ್ಟರು. ಕಾಯಿಯಂತೆ ತೊಟ್ಟು ಇರುವುದು ಒಂದು. ತೊಟ್ಟಿಲ್ಲದೆ ಗುಬುಟಾಗಿ ಕೂತಿರುವುದು ಇನ್ನೊಂದು. ಎರಡೂವರೆ ಮಿಲಿಮೀಟರಿಗಿಂತ ಕಡಿಮೆ ಎತ್ತರದ್ದು, ಸಮತಟ್ಟಾದದ್ದು, ಸುತ್ತಲಿನ ಮಟ್ಟಕ್ಕಿಂತ ತಗ್ಗಾದದ್ದು, ಇವು ಬೇರೆ ಗುಂಪು. ಎರಡೂವರೆ ಮಿಲಿಮೀಟರ್ ಎಂಬ ಅಳತೆ ಆಕಾಶದಿಂದ ಬಿದ್ದದ್ದಲ್ಲ. ಬಯಾಪ್ಸಿ ತೆಗೆಯುವ ಇಕ್ಕಳದ ಬಾಯಿ ಮುಚ್ಚಿದಾಗ ಇರುವ ದಪ್ಪವೇ ಅಷ್ಟು. ಇಕ್ಕಳವನ್ನು ಪಕ್ಕದಲ್ಲಿ ಹಿಡಿದು, ಪಾಲಿಪ್ ಅದಕ್ಕಿಂತ ಎತ್ತರವೋ ಕೆಳಗೋ ಎಂದು ನೋಡುವುದು ನಮ್ಮ ಅಳತೆಗೋಲು.

ಇಲ್ಲಿ ಒಂದು ಪಾಠವಿದೆ. ಬಹುಕಾಲ ನಾವೆಲ್ಲ ಪಾಲಿಪ್ ಎಂದರೆ ಉಬ್ಬಿದ್ದು ಎಂದೇ ತಿಳಿದಿದ್ದೆವು. ಜಪಾನಿನ ಅಕಿತಾ ನಗರದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಶಿನ್-ಎಯಿ ಕುಡೊ ಮತ್ತು ಅವರ ಸಂಗಡಿಗರು ಚಪ್ಪಟೆಯಾದವನ್ನೂ ತಗ್ಗಾದವನ್ನೂ ಒಂದರ ಮೇಲೊಂದು ತೋರಿಸತೊಡಗಿದಾಗ ಪಶ್ಚಿಮದ ಅನೇಕರು ನಂಬಲಿಲ್ಲ. ಇದು ಜಪಾನೀಯರ ಕಾಯಿಲೆ ಇರಬೇಕು ಅಂದರು. ಆಮೇಲೆ ಇಂಗ್ಲೆಂಡಿನ ಲೀಡ್ಸಿನ ವೈದ್ಯರು ಜಪಾನಿ ವೈದ್ಯರೊಬ್ಬರ ಜೊತೆ ಸೇರಿ ಅಲ್ಲಿಯದೇ 1,000 ಜನರನ್ನು ಪರೀಕ್ಷಿಸಿದರು. 2000ದಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಸಿಕ್ಕಿದ 321 ಅಡಿನೋಮಗಳಲ್ಲಿ ಶೇ. 36 ಚಪ್ಪಟೆ ಜಾತಿಯವು. ಅವು ಅಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಹಾಗೂ ಒಂದು ಇರುತ್ತದೆ ಎಂದು ತಿಳಿದ ಕಣ್ಣಿಗೆ ಮೊದಲ ಸಲ ಬಿದ್ದವು, ಅಷ್ಟೆ.

ತಗ್ಗಾದವು ಬಹಳ ಕಡಿಮೆ, ಲೀಡ್ಸಿನ 321ರಲ್ಲಿ ಎರಡೇ. ಆದರೆ ಅವು ಸಣ್ಣವಿದ್ದಾಗಲೇ ಕ್ಯಾನ್ಸರ್ ಆಗುವ ಸಂಭವ ಹೆಚ್ಚು. ಕಾಣುವ ಗುರುತುಗಳೂ ಸೂಕ್ಷ್ಮ: ತುಸು ಕೆಂಪಗಿನ ಮಚ್ಚೆ, ಒಳಪದರದ ರಕ್ತನಾಳಗಳ ಬಲೆ ಒಂದು ಕಡೆ ಮಾತ್ರ ಮಾಯವಾಗಿರುವುದು, ಮಡಿಕೆಯೊಂದರ ಅಂಚು ಸೊಟ್ಟಗಿರುವುದು, ಕಾರಣವಿಲ್ಲದೆ ಒಂದು ಜಾಗ ರಕ್ತ ಜಿನುಗುವುದು.

ಬಾವಿಯ ಬಾಯಿ

ಆಕಾರ ನೋಡಿದ ಮೇಲೆ ಮೈ ನೋಡಬೇಕು. ಆಗ ಹೇಳಿದ ಬಾವಿಗಳ ಬಾಯಿಯೇ ಪಾಲಿಪಿನ ಮೈ. ಒಳಗಿನ ಜೀವಕೋಶಗಳ ಶಿಸ್ತು ಕೆಟ್ಟರೆ ಬಾಯಿಯ ರೂಪವೂ ಕೆಡುತ್ತದೆ. ಅದಕ್ಕೇ ಮೇಲಿನಿಂದ ನೋಡಿ ಒಳಗಿನದನ್ನು ಹೇಳಲು ಸಾಧ್ಯ.

ಆ ಬಾಯಿಗಳನ್ನು ಎದ್ದು ಕಾಣಿಸಲು ಜಪಾನೀಯರು ಇಂಡಿಗೊ ಕಾರ್ಮೈನ್ ಎಂಬ ನೀಲಿ ಬಣ್ಣದ ನೀರನ್ನು ಚಿಮುಕಿಸಿದರು. ಬಣ್ಣ ಜೀವಕೋಶಕ್ಕೆ ಹತ್ತುವುದಿಲ್ಲ, ತಗ್ಗಿನಲ್ಲಿ ನಿಲ್ಲುತ್ತದೆ, ಅಷ್ಟರಿಂದಲೇ ಉಬ್ಬು ತಗ್ಗು ಬೇರೆಯಾಗುತ್ತವೆ. ಜೊತೆಗೆ ಹಿಗ್ಗಿಸಿ ತೋರಿಸುವ ಮಸೂರ. ಹೀಗೆ ನೋಡಿ ಕುಡೊ 1994ರಲ್ಲಿ ಪ್ರಕಟಿಸಿದ ವಿಂಗಡಣೆಯನ್ನು ಇವತ್ತಿಗೂ ಜಗತ್ತಿನ ಎಲ್ಲ ಕಡೆ ಕಲಿಯುತ್ತಾರೆ.

ಮೊದಲನೆಯ ಬಗೆ ದುಂಡು ಬಾಯಿ, ಸೆಟ್ ದೋಸೆಯ ಮೇಲೆ ಏಳುವ ಕಣ್ಣುಗಳಂತೆ ಒಂದೇ ಸಮ. ಇದು ಆರೋಗ್ಯವಂತ ಒಳಪದರ. ಎರಡನೆಯದರಲ್ಲಿ ಬಾಯಿ ನಕ್ಷತ್ರದ ಆಕಾರಕ್ಕೆ ತಿರುಗುತ್ತದೆ, ಹೈಪರ್‌ಪ್ಲಾಸ್ಟಿಕ್ ಎನ್ನುವ, ಸಾಮಾನ್ಯವಾಗಿ ನಿರುಪದ್ರವಿ ಪಾಲಿಪ್ ಇದು. ಮೂರನೆಯದರಲ್ಲಿ ಎರಡು ಒಳಬಗೆ: ಒಂದರಲ್ಲಿ ಬಾಯಿ ಉದ್ದವಾಗಿ ಕೊಳವೆಯಂತೆ ಎಳೆದುಕೊಂಡಿರುತ್ತದೆ, ಇನ್ನೊಂದರಲ್ಲಿ ಎಂದಿಗಿಂತ ಕಿರಿದಾಗಿ ಒತ್ತಾಗಿರುತ್ತದೆ. ಉದ್ದನೆಯದು ನಾವು ದಿನಾ ಕಾಣುವ ಅಡಿನೋಮ. ಕಿರಿದಾದದ್ದು ಆ ತಗ್ಗು ಜಾತಿಯ ಗುರುತು. ನಾಲ್ಕನೆಯದು ಮಿದುಳಿನ ಮಡಿಕೆಗಳಂತೆ ಸುತ್ತಿಕೊಂಡು ಕವಲೊಡೆದಿರುತ್ತದೆ, ಮುಂದುವರಿದ ಅಡಿನೋಮಗಳಲ್ಲಿ ಇದು ಹೆಚ್ಚು. ಐದನೆಯದರಲ್ಲಿ ವಿನ್ಯಾಸವೇ ಹಾಳಾಗಿರುತ್ತದೆ. ಮಕ್ಕಳು ಆಡಿ ಅಳಿಸಿದ ರಂಗೋಲಿಯಂತೆ ಗೆರೆಗಳು ಅಸ್ತವ್ಯಸ್ತ, ಕೆಲವೆಡೆ ಗೆರೆಯೇ ಇಲ್ಲ. ಗೆರೆ ಪೂರಾ ಅಳಿಸಿದ್ದರೆ ಕ್ಯಾನ್ಸರ್ ಆಳಕ್ಕೆ ಇಳಿದಿದೆ ಎಂದು ಸಂಶಯಿಸಬೇಕು. ಅಲ್ಲಿ ಕುಣಿಕೆ ಹಾಕಿ ಎಳೆಯುವುದು ಧೈರ್ಯವಲ್ಲ, ಅವಿವೇಕ. ಸರ್ಜನ್ ಹತ್ತಿರ ಕಳಿಸಬೇಕು.

ಬೆಳಕು

ಪ್ರತಿ ಪಾಲಿಪಿಗೂ ಬಣ್ಣ ಚಿಮುಕಿಸಲು ಬಿಡುವಿರದು. ಆ ಕೆಲಸವನ್ನು ಬೆಳಕಿನಿಂದಲೇ ಮಾಡಲಾಗದೇ ಎಂಬ ಯೋಚನೆಯಿಂದ, ಒಲಿಂಪಸ್ ಕಂಪನಿಯ ಕಜುಹಿರೊ ಗೊನೊ ಮತ್ತು ಕಾಶಿವಾದ ರಾಷ್ಟ್ರೀಯ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರು ಸೇರಿ ನ್ಯಾರೋ ಬ್ಯಾಂಡ್ ಇಮೇಜಿಂಗ್ ಎಂಬ ವಿಧಾನ ರೂಪಿಸಿದರು. ಉಪಾಯ ಸರಳ. ರಕ್ತದ ಹಿಮೊಗ್ಲೋಬಿನ್ ಬಿಳಿ ಬೆಳಕಿನ ಎಲ್ಲ ಬಣ್ಣವನ್ನೂ ಒಂದೇ ಸಮ ಹೀರುವುದಿಲ್ಲ. ಅದು ಹೆಚ್ಚು ಹೀರುವ ನೀಲಿಯ 415 ಮತ್ತು ಹಸಿರಿನ 540 ನ್ಯಾನೊಮೀಟರ್ ಸುತ್ತಲಿನ ಬೆಳಕನ್ನಷ್ಟೇ ಹಾಯಿಸಿದರೆ ರಕ್ತನಾಳಗಳು ಕಡುವಾಗಿ ಎದ್ದು ಕಾಣುತ್ತವೆ. ಅಡಿನೋಮದ ಮೈಮೇಲೆ ಸಣ್ಣ ರಕ್ತನಾಳಗಳು ದಟ್ಟ, ಹಾಗಾಗಿ ಅದು ಕಂದಾಗುತ್ತದೆ. ಕೊಲೊನೊಸ್ಕೋಪಿನ ಹಿಡಿಕೆಯ ಮೇಲೆ ಒಂದು ಗುಂಡಿ ಒತ್ತಿದರೆ ಸಾಕು.

ಈ ಬೆಳಕಿನಲ್ಲಿ ನೋಡುವುದಕ್ಕೆ ನೈಸ್ ಎಂಬ ಸುಲಭದ ವಿಂಗಡಣೆ ಇದೆ. ಬಣ್ಣ, ರಕ್ತನಾಳ, ಮೈಯ ವಿನ್ಯಾಸ, ಈ ಮೂರನ್ನು ಕೇಳಿ. ಸುತ್ತಲಿನಷ್ಟೇ ಅಥವಾ ಇನ್ನೂ ತಿಳಿ ಬಣ್ಣ, ರಕ್ತನಾಳ ಇಲ್ಲವೇ ಇಲ್ಲ ಎನ್ನುವಷ್ಟು, ಒಂದೇ ಸಮನಾದ ಚುಕ್ಕೆಗಳು: ಒಂದನೆಯ ಬಗೆ, ಹೈಪರ್‌ಪ್ಲಾಸ್ಟಿಕ್. ಕಂದು ಬಣ್ಣ, ಬಿಳಿಯ ಉದ್ದ ಅಥವಾ ಕವಲು ರಚನೆಗಳ ಸುತ್ತ ಕಂದು ನಾಳಗಳ ಅಂಚು: ಎರಡನೆಯದು, ಅಡಿನೋಮ. ಕಡುಗಂದು, ತುಂಡಾದ ನಾಳಗಳು, ಅಳಿಸಿದ ವಿನ್ಯಾಸ: ಮೂರನೆಯದು, ಆಳಕ್ಕಿಳಿದ ಕ್ಯಾನ್ಸರಿನ ಸಂಶಯ. ಮೊದಲು ಕೇಳಿದ ಮೂರು ಪ್ರಶ್ನೆಗಳಿಗೆ ಇವೇ ಮೂರು ಉತ್ತರ.

ಮೋಡ ಕವಿದದ್ದು

ಇಷ್ಟಕ್ಕೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಈ ವಿಂಗಡಣೆಯ ಕಣ್ಣಿಗೆ ಮಣ್ಣೆರಚುವ ಒಂದು ಜಾತಿಯಿದೆ. ಸೂಕ್ಷ್ಮದರ್ಶಕದಲ್ಲಿ ಇದರ ಬಾವಿಯ ಗೋಡೆ ಗರಗಸದ ಹಲ್ಲಿನಂತೆ ಕಾಣುವುದರಿಂದ ಸೆರೇಟೆಡ್ ಎನ್ನುತ್ತಾರೆ. ಇದು ಅಡಿನೋಮದ ಹಾದಿ ಹಿಡಿಯದೆ ಬೇರೆ ದಾರಿಯಿಂದ ಕ್ಯಾನ್ಸರಿಗೆ ಹೋಗುತ್ತದೆ. ಕರುಳಿನ ಕ್ಯಾನ್ಸರುಗಳಲ್ಲಿ ಶೇ. 15ರಿಂದ 30ರಷ್ಟು ಈ ದಾರಿಯವು ಎಂಬ ಅಂದಾಜಿದೆ. ಇದು ಹೆಚ್ಚಾಗಿ ಕರುಳಿನ ಬಲಭಾಗದಲ್ಲಿ ಚಪ್ಪಟೆಯಾಗಿ ಒರಗಿರುತ್ತದೆ. ಬಣ್ಣ ತಿಳಿ, ರಕ್ತನಾಳ ಕಡಿಮೆ. ನೈಸ್ ಪ್ರಕಾರ ನೋಡಿದರೆ ಒಂದನೆಯ ಬಗೆ, ಅಂದರೆ ನಿರುಪದ್ರವಿ!

ಹದಿನೈದು ವರ್ಷಗಳ ಹಿಂದೆ ಒಬ್ಬ ಹೆಂಗಸಿಗೆ ನಾನು ಕೊಲೊನೊಸ್ಕೋಪಿ ಮಾಡಿ ಎಲ್ಲ ಸರಿಯಾಗಿದೆ ಎಂದು ಬರೆದೆ. ಎರಡು ವರ್ಷದ ಮೇಲೆ ಮತ್ತೆ ಬಂದರು. ಬಲಗಡೆಯ ಮಡಿಕೆಯೊಂದರ ಮೇಲೆ ಹಳದಿ ಲೋಳೆ ಮೆತ್ತಿಕೊಂಡಿತ್ತು. ಈ ಸಲ ನೀರು ಹಾಯಿಸಿ ತೊಳೆದೆ. ಲೋಳೆಯ ಕೆಳಗೆ ಎರಡು ಸೆಂಟಿಮೀಟರಿನ ಸೆರೇಟೆಡ್ ಪಾಲಿಪ್! ಹಳೆಯ ವಿಡಿಯೊ ತೆಗೆದು ನೋಡಿದೆ. ಅದೇ ಮಡಿಕೆ, ಅದೇ ಲೋಳೆ, ನಾನು ಮುಂದೆ ಹೋಗಿದ್ದೇನೆ. ಪುಣ್ಯಕ್ಕೆ ಕ್ಯಾನ್ಸರ್ ಆಗಿರಲಿಲ್ಲ, ಪೂರ್ತಿ ತೆಗೆಯಲಾಯಿತು. “ಅಮ್ಮಾ, ಹೋದ ಸಲವೇ ಇತ್ತು, ನಾನು ತೊಳೆದು ನೋಡಲಿಲ್ಲ” ಎಂದೆ. “ಈಗ ಸಿಕ್ತಲ್ಲ ಬಿಡಿ ಡಾಕ್ಟ್ರೇ” ಎಂದರು. ಅವರು ಬಿಟ್ಟರೂ ನನಗೆ ಬಿಡಲಾಗಿಲ್ಲ. ಆ ಲೋಳೆಯ ಟೊಪ್ಪಿಗೆಯೇ ಈ ಜಾತಿಯ ಮೊದಲ ಗುರುತು.

ಮಿಕ್ಕ ಗುರುತುಗಳನ್ನು ಆಮ್ಸ್ಟರ್‌ಡ್ಯಾಮಿನ ವೈದ್ಯರ ಗುಂಪು 2016ರಲ್ಲಿ ಒಟ್ಟುಗೂಡಿಸಿತು: ಮೋಡ ಕವಿದಂಥ ಮೈ, ಎಲ್ಲಿ ಮುಗಿಯಿತೆಂದು ತಿಳಿಯದ ಅಂಚು, ಅಡ್ಡಾದಿಡ್ಡಿ ಆಕಾರ, ಬಾವಿಗಳೊಳಗೆ ಕಪ್ಪು ಚುಕ್ಕೆ. ನಾಲ್ಕರಲ್ಲಿ ಎರಡಿದ್ದರೆ ಅದನ್ನು ಹೈಪರ್‌ಪ್ಲಾಸ್ಟಿಕ್ ಎಂದು ಬಿಡಬಾರದು, ತೆಗೆಯಬೇಕು.

ಹಾಗಾದರೆ ಕಣ್ಣನ್ನೇ ನಂಬಿ ಬಯಾಪ್ಸಿ ಬಿಟ್ಟುಬಿಡೋಣವೇ? ಐದು ಮಿಲಿಮೀಟರ್ ಒಳಗಿನ ಪಾಲಿಪ್ ತೆಗೆದು, ಪ್ರಯೋಗಾಲಯಕ್ಕೆ ಕಳಿಸದೆ ಎಸೆಯಬಹುದು ಎಂಬ ವಾದವಿದೆ. ಅಮೆರಿಕದ ಎಂಡೋಸ್ಕೋಪಿ ಸಂಘ 2011ರಲ್ಲಿ ಅದಕ್ಕೆ ಶೇ. 90ರಷ್ಟು ನಿಖರತೆಯ ಗೆರೆ ಎಳೆಯಿತು. ನುರಿತವರು ಆ ಗೆರೆ ಮುಟ್ಟುತ್ತಾರೆ, ಎಲ್ಲರೂ ಅಲ್ಲ. ನನ್ನ ನಿಲುವು ಇಷ್ಟು: ಕಣ್ಣು ತೀರ್ಮಾನ ಮಾಡಲಿ, ಸೂಕ್ಷ್ಮದರ್ಶಕ ಅದನ್ನು ತಿದ್ದಲಿ. ತನ್ನ ಅಂದಾಜನ್ನು ಮೊದಲು ಬರೆದಿಟ್ಟು, ವರದಿ ಬಂದ ಮೇಲೆ ತಾಳೆ ನೋಡುವ ವೈದ್ಯನ ಕಣ್ಣು ವರ್ಷವರ್ಷಕ್ಕೂ ಚುರುಕಾಗುತ್ತದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿದ ಕಾಪಿ ಪುಸ್ತಕದಂತೆ.

ನೋಡುವವರು, ತೋರಿಸುವವರು

ಗುರುತಿಸುವ ಮೊದಲು ಕಾಣಬೇಕಲ್ಲ! 1997ರಲ್ಲಿ ಡಗ್ಲಸ್ ರೆಕ್ಸ್ ಮತ್ತು ಸಂಗಡಿಗರು 183 ಜನರಿಗೆ ಒಂದೇ ದಿನ ಎರಡೆರಡು ಸಲ ಕೊಲೊನೊಸ್ಕೋಪಿ ಮಾಡಿ ನೋಡಿದರು. ಮೊದಲ ಸಲ ಶೇ. 24ರಷ್ಟು ಅಡಿನೋಮಗಳು ಕಣ್ತಪ್ಪಿದ್ದವು. ಹೆಚ್ಚಿನವು ತೀರಾ ಸಣ್ಣವು, ಆದರೆ ಒಂದು ಸೆಂಟಿಮೀಟರ್ ಮೇಲಿನವೂ ಶೇ. 6ರಷ್ಟು ತಪ್ಪಿದ್ದವು. ಅಮೆರಿಕದ ಇಲಿನಾಯ್ ರಾಜ್ಯದ 12 ವೈದ್ಯರ ಕೆಲಸ ಗಮನಿಸಿ 2006ರಲ್ಲಿ ಬಂದ ವರದಿ ಇನ್ನೂ ನೇರ: ಕೊಲೊನೊಸ್ಕೋಪನ್ನು ಹಿಂದಕ್ಕೆ ಎಳೆಯುತ್ತ ನೋಡಲು ಸರಾಸರಿ ಆರು ನಿಮಿಷ ಅಥವಾ ಹೆಚ್ಚು ತೆಗೆದುಕೊಂಡವರು ಶೇ. 28.3 ಜನರಲ್ಲಿ ಗೆಡ್ಡೆ ಕಂಡರು, ಅವಸರದವರು ಶೇ. 11.8ರಲ್ಲಿ ಮಾತ್ರ. 2014ರ ಕ್ಯಾಲಿಫೋರ್ನಿಯದ ಅಧ್ಯಯನದಲ್ಲಿ 136 ವೈದ್ಯರಲ್ಲಿ ಅಡಿನೋಮ ಕಾಣುವ ಪ್ರಮಾಣ ಶೇ. 7.4ರಿಂದ 52.5ರವರೆಗೆ ಹರಡಿತ್ತು. ಆ ಪ್ರಮಾಣ ಒಂದು ಅಂಶ ಏರಿದಂತೆಲ್ಲ, ಅವರ ರೋಗಿಗಳಿಗೆ ಮುಂದೆ ಕರುಳಿನ ಕ್ಯಾನ್ಸರ್ ಬರುವ ಅಪಾಯ ಶೇ. 3ರಷ್ಟು ಇಳಿಯುತ್ತಿತ್ತು. ಯಂತ್ರ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ನೋಡುವವರದ್ದು.

ಈಗ ಕಂಪ್ಯೂಟರೂ ಜೊತೆಗೆ ನೋಡುತ್ತದೆ. ಪರದೆಯ ಮೇಲೆ ಸಂಶಯದ ಜಾಗಕ್ಕೆ ಚೌಕ ಹಾಕುತ್ತದೆ. ಚೀನಾದಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಡಿನೋಮ ಸಿಕ್ಕವರ ಪ್ರಮಾಣ ಶೇ. 20.3ರಿಂದ 29.1ಕ್ಕೆ ಏರಿತು. ಇದು ಸಂತೋಷದ ಸುದ್ದಿ. ಆದರೆ 2025ರಲ್ಲಿ ಪೋಲೆಂಡಿನಿಂದ ಬಂದ ವರದಿಯನ್ನೂ ಪಕ್ಕದಲ್ಲಿಟ್ಟು ಓದಬೇಕು. ಕಂಪ್ಯೂಟರಿನ ನೆರವಿಗೆ ಒಗ್ಗಿಕೊಂಡ ಅನುಭವಿ ವೈದ್ಯರು ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಪ್ರಮಾಣ ಮೊದಲಿದ್ದ ಶೇ. 28.4ರಿಂದ 22.4ಕ್ಕೆ ಇಳಿದಿತ್ತು. ಕಳೆ ಯಾವುದೆಂದು ಪಕ್ಕದವರು ಹೇಳುತ್ತಲೇ ಇದ್ದರೆ ನಾವು ನೋಡುವುದನ್ನು ಬಿಡುತ್ತೇವೆ. ಇನ್ನೊಂದು ಮಾತು, ಮಡಿಕೆಯ ಹಿಂದಿನದನ್ನು ವೈದ್ಯ ತಿರುಗಿಸಿ ತೋರಿಸದೆ, ಲೋಳೆಯ ಕೆಳಗಿನದನ್ನು ತೊಳೆಯದೆ ಕಂಪ್ಯೂಟರಿಗೂ ಅದು ಕಾಣದು.

ತೊಳೆಯುವ ಕೆಲಸದಲ್ಲಿ ಅರ್ಧ ಪಾಲು ನಿಮ್ಮದು. ಪರೀಕ್ಷೆಗೆ ಎರಡು ಮೂರು ದಿನ ಮುಂಚಿನಿಂದ ಮುದ್ದೆ, ಸೊಪ್ಪು, ಕಾಳು, ಸೀಬೆಹಣ್ಣು ಬಿಡಿ ಎಂದು ನಾವು ಹೇಳಿದರೆ ಜನ ಮುನಿಸಿಕೊಳ್ಳುತ್ತಾರೆ. ಒಂದು ಸೀಬೆ ಬೀಜ ಹೀರುಕೊಳವೆಗೆ ಸಿಕ್ಕಿಕೊಂಡರೆ ಕೆಲಸ ನಿಂತುಹೋಗುತ್ತದೆ. ಅನ್ನ, ಇಡ್ಲಿ, ಮಜ್ಜಿಗೆಯಲ್ಲಿ ಎರಡು ದಿನ ಕಳೆಯಬಹುದು. ಭೇದಿಯ ದ್ರಾವಣವನ್ನು ಅರ್ಧ ಹಿಂದಿನ ರಾತ್ರಿ, ಅರ್ಧ ಪರೀಕ್ಷೆಯ ಬೆಳಿಗ್ಗೆ ಕುಡಿಯಲು ಹೇಳುವುದಕ್ಕೂ ಕಾರಣವಿದೆ. ಪೂರ್ತಿ ರಾತ್ರಿಯೇ ಕುಡಿದರೆ ಬೆಳಗಾಗುವಷ್ಟರಲ್ಲಿ ಬಲಭಾಗಕ್ಕೆ ಮತ್ತೆ ಪಿತ್ತದ ಲೋಳೆ ಇಳಿದಿರುತ್ತದೆ. ಆ ಹಳದಿ ಲೋಳೆ ಏನನ್ನು ಮುಚ್ಚಬಲ್ಲದೆಂದು ಆಗಲೇ ಹೇಳಿದ್ದೇನೆ.

ನಮ್ಮ ಮಾತು

2022ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 19 ಲಕ್ಷಕ್ಕೂ ಹೆಚ್ಚು ಜನಕ್ಕೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಬರುತ್ತದೆ, ಭಾರತದಲ್ಲಿ ಸುಮಾರು 70,000 ಜನಕ್ಕೆ. ಜನಸಂಖ್ಯೆಗೆ ಹೋಲಿಸಿದರೆ ಪಶ್ಚಿಮಕ್ಕಿಂತ ನಮ್ಮಲ್ಲಿ ಕಡಿಮೆಯೇ. ಸರ್ಕಾರದ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಗಿದೆ, ಕರುಳಿಗಿಲ್ಲ. ಎಲ್ಲರೂ ನಾಳೆಯೇ ಕೊಲೊನೊಸ್ಕೋಪಿಗೆ ಸಾಲು ನಿಲ್ಲಿ ಎಂದು ನಾನು ಹೇಳುವುದಿಲ್ಲ. ಅಷ್ಟು ಯಂತ್ರಗಳೂ ಇಲ್ಲ, ಅಷ್ಟು ತಯಾರಾದ ಕಣ್ಣುಗಳೂ ಇಲ್ಲ.

ನಾನು ಕೇಳಿಕೊಳ್ಳುವುದು ಮೂರೇ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ, ಅಂಗಡಿಯ ಮುಲಾಮು ಹಚ್ಚಿಕೊಂಡು ದಿನ ತಳ್ಳಬೇಡಿ, ವೈದ್ಯರಿಗೆ ತೋರಿಸಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ನಲವತ್ತಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗವೋ ಆಗ ಪರೀಕ್ಷೆಯ ಬಗ್ಗೆ ಕೇಳಿ. ಪರೀಕ್ಷೆ ಮಾಡಿಸಿಕೊಂಡರೆ ವರದಿ ಹಿಡಿದು ಎರಡು ಪ್ರಶ್ನೆ ಕೇಳಿ: “ಕರುಳು ಚೊಕ್ಕಟವಾಗಿತ್ತೇ? ಕೊನೆಯವರೆಗೂ ಹೋಗಿ ನಿಧಾನವಾಗಿ ನೋಡಿದಿರೇ?” ಯಾವ ಒಳ್ಳೆಯ ವೈದ್ಯನೂ ಇದಕ್ಕೆ ಬೇಸರಿಸುವುದಿಲ್ಲ. ಬೇಸರಿಸಿದರೂ ಪರವಾಗಿಲ್ಲ, ಕೇಳಿ.

ಮೇಷ್ಟ್ರಿಗೆ ಸಿಗದ ಆ ಒಂದೂವರೆ ವರ್ಷ ನಿಮ್ಮ ಮನೆಯ ಒಬ್ಬರಿಗಾದರೂ ಸಿಕ್ಕರೆ ಈ ದತ್ತಿ ಸಾರ್ಥಕ.